ಬೇಸ್‌ಬಾಲ್ ಗೇಮ್‌ನ ‘ಪಿಚಿಂಗ್ ಕ್ಯಾಮರಾ’ಗೆ ಏನನ್ನೋಣ?

ಗೆಳೆಯರೇ,

‘ಎಂಎಲ್‌ಬಿ ದಿ ಶೋ’ ಎಂಬ ಬೇಸ್‌ಬಾಲ್ ವಿಡಿಯೊ ಗೇಮ್ ಶುರು ಮಾಡುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾಮರಾ ಸೆಟ್ಟಿಂಗ್‌ನ ಭಾಗದಲ್ಲಿ ಪದಗಳು ತೊಡಕಾಗಿವೆ. ನಿಮ್ಮ ಸಲಹೆ ಬೇಕು.

ಈ ಗೇಮ್‌ನಲ್ಲಿ ಬ್ಯಾಟಿಂಗ್‌ಗೆ ಒಂದು, ಪಿಚಿಂಗ್‌ಗೆ ಒಂದು ಅಂತ ಬೇರೆ ಬೇರೆ ಕ್ಯಾಮರಾ ಆರಿಸಿಕೊಳ್ಳಬಹುದು. ‘ಪಿಚಿಂಗ್ ಕ್ಯಾಮರಾ’ ಅಂತಲೇ ಬರೆದರೆ, ಕ್ರಿಕೆಟ್ ನೋಡಿ ಬೆಳೆದವರು ಪಿಚ್ ತೋರಿಸುವ ಕ್ಯಾಮರಾ ಅಂದುಕೊಳ್ಳುತ್ತಾರೆ. ನಮಗೆ ಪಿಚ್ ಅಂದರೆ 22 ಗಜದ ನೆಲ, ಅಲ್ವಾ? ಬೇಸ್‌ಬಾಲ್‌ನಲ್ಲಿ ಅದು ಎಸೆತ. ಅದಕ್ಕೇ ‘ಎಸೆತದ ನೋಟ’ ಅಂತ ಬರೆದಿದ್ದೇನೆ. ಕ್ಯಾಮರಾ ಆ್ಯಂಗಲ್ ಅನ್ನೋದಕ್ಕೆ ‘ಕೋನ’ ಅಂದರೆ ಗಣಿತದ ಪಾಠ ಓದಿದ ಹಾಗಾಗುತ್ತದೆ.

ನಿಜವಾದ ತೊಡಕು ಎಡ-ಬಲದ್ದು. ಬಲಗೈ ಪಿಚರ್ (ಚೆಂಡು ಎಸೆಯುವವರು) ಎಸೆದ ಸ್ಲೈಡರ್, ಅಂದರೆ ಪಕ್ಕಕ್ಕೆ ಸರಿಯುವ ಒಂದು ಬಗೆಯ ಎಸೆತ, ಬಲಗೈ ಬ್ಯಾಟರ್‌ನಿಂದ ಆಚೆ ಸರಿಯುತ್ತದೆ. ಪಿಚರ್ ಬೆನ್ನ ಹಿಂದಿನಿಂದ ನೋಡಿದರೆ ಅದು ಎಡಕ್ಕೆ ಹೋಗುತ್ತದೆ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕಡೆಯಿಂದ ನೋಡಿದರೆ ಅದೇ ಚೆಂಡು ಬಲಕ್ಕೆ. ‘ಎಡಕ್ಕೆ ಗುರಿಯಿಡಿ’ ಅಂತ ಬರೆದರೆ ಕ್ಯಾಮರಾ ಬದಲಿಸಿದವರು ದಾರಿ ತಪ್ಪುತ್ತಾರೆ. ‘ಒಳಕ್ಕೆ’, ‘ಹೊರಕ್ಕೆ’ ಅಂದರೆ ಬ್ಯಾಟರ್ ಲೆಕ್ಕದಲ್ಲಿ ಹೇಳಿದಂತೆ. ಯಾವ ಕ್ಯಾಮರಾ ಇದ್ದರೂ ಅದು ಬದಲಾಗದು. ಕ್ರಿಕೆಟ್‌ನ ‘ಹೊರಹೋಗುವ ಎಸೆತ’ ಹೇಗೂ ನಮ್ಮ ಕಿವಿಗೆ ಹಳೆಯದು.

ಟಿವಿಯಲ್ಲಿ ಕಾಣುವಂಥ ‘ಬ್ರಾಡ್‌ಕಾಸ್ಟ್’ ನೋಟಕ್ಕೆ ‘ಟಿವಿ ನೋಟ’ ಸಾಕು. ಅಲ್ಲಿ ಕ್ಯಾಮರಾ ಸಾಮಾನ್ಯವಾಗಿ ಪಿಚರ್ ಹಿಂದೆ ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ನೋಡೋಕೆ ಚೆಂದ. ಆದರೆ ಓರೆಯಾಗಿರುವುದರಿಂದ ಚೆಂಡು ‘ಸ್ಟ್ರೈಕ್ ಝೋನ್’ನ (ಬ್ಯಾಟರ್ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟ್‌ನ ಮೇಲೆ ಎಸೆತ ಹಾಯಬೇಕಾದ ಜಾಗ) ಅಂಚಿಗೆ ತಾಗಿತೋ ಇಲ್ಲವೋ ಗೊತ್ತಾಗುವುದು ಕಷ್ಟ. ಹೋಮ್ ಪ್ಲೇಟ್‌ನ ಅಗಲ ಬರೀ 17 ಇಂಚು. 60 ಅಡಿ 6 ಇಂಚು ದೂರದಿಂದ ಎಸೆಯುವಾಗ ಆ ಅಂಚೇ ಎಲ್ಲ. ಹೊಸಬರು ನೇರವಾಗಿ ಹಿಂದಿನಿಂದ ಕಾಣುವ ನೋಟ ಇಟ್ಟುಕೊಳ್ಳುವುದೇ ಒಳ್ಳೆಯದು. ಅದಕ್ಕೆ ‘ಬೆನ್ನ ಹಿಂದಿನ ನೋಟ’ ಅನ್ನಬಹುದೇ?

ಇದೇ ಕಾರಣಕ್ಕೆ ‘ಸ್ಟ್ರೈಕ್ ಝೋನ್’ಗೆ ‘ವಲಯ’ ನನಗೆ ಒಪ್ಪಿಗೆಯಿಲ್ಲ. ವಲಯ ಅಂದರೆ ಅಂಚು ಕಣ್ಣಿಗೆ ಬರುವುದಿಲ್ಲ. ‘ಚೌಕಟ್ಟು’ ಅಂದ ತಕ್ಷಣ ಬರುತ್ತದೆ. ‘ಸ್ಟ್ರೈಕ್’ ಮಾತ್ರ ಇನ್ನೂ ಬಗೆಹರಿದಿಲ್ಲ. ಕ್ರಿಕೆಟ್‌ನಲ್ಲಿ ‘ಸ್ಟ್ರೈಕ್‌ನಲ್ಲಿದ್ದಾರೆ’ ಅಂದರೆ ಆಡುವ ಸರದಿ ಅವರದು ಅಂತ. ಇಲ್ಲಿ ಅದು ಬ್ಯಾಟರ್ ವಿರುದ್ಧ ಲೆಕ್ಕಕ್ಕೆ ಬರುವ ಎಸೆತ; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಪದ ಹಾಗೇ ಇಟ್ಟು ಮೊದಲ ಸಲ ಒಂದು ಸಾಲಿನ ವಿವರಣೆ ಕೊಡಲೇ, ಅಥವಾ ಬೇರೆ ಪದ ಹುಡುಕಲೇ?

ಅಮೆರಿಕದಲ್ಲಿ ಮಕ್ಕಳನ್ನು ಅವರ ಬೇಸ್‌ಬಾಲ್ ಕೂಟವಾದ ಲಿಟಲ್ ಲೀಗ್‌ಗೆ ಕರೆದುಕೊಂಡು ಹೋಗುವವರು ಈ ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ: ಮನೆಯಲ್ಲಿ ಕನ್ನಡದಲ್ಲಿ ಆಟದ ಮಾತಾಡುವಾಗ ಇವಕ್ಕೆಲ್ಲ ಏನಂತೀರಿ?