ಸಹಾಯ ಬೇಕು: ಈ ಕತ್ತಿ ಮೇಲಿನ ಸಹಿ ಅಸಲಿಯಾ?

ಎಲ್ರಿಗೂ ನಮಸ್ಕಾರ. ನಾನಿರೋದು ಟೋಕಿಯೊದಲ್ಲಿ. ನಮ್ಮ ಮನೆ ಓನರ್ ಅಜ್ಜನ ಹತ್ತಿರ ಅವರ ತಂದೆ ಕಾಲದ ಒಂದು ವಾಕಿಜಾಶಿ, ಅಂದ್ರೆ ಗಿಡ್ಡ ಕತ್ತಿ ಇದೆ. 52 ಸೆಂಟಿಮೀಟರ್ ಉದ್ದ. ಮೊನ್ನೆ ಬಿದಿರಿನ ಮೊಳೆ ತೆಗೆದು ಹಿಡಿ ಕಳಚಿ ತೋರಿಸಿದರು. ಒಳಗಿನ ಕಬ್ಬಿಣದ ಮೇಲೆ ‘ಕೊಟೆತ್ಸು’ ಎಂದು ಕೆತ್ತಿದೆ.

ಕೊಟೆತ್ಸು 17ನೇ ಶತಮಾನದ ಎಡೋದ (ಟೋಕಿಯೊದ ಹಳೇ ಹೆಸರು) ದೊಡ್ಡ ಕತ್ತಿ ಕಮ್ಮಾರ. ಆತನ ಹೆಸರಿನ ನಕಲಿಗಳು ಎಷ್ಟು ಅಂದ್ರೆ, ‘ಕೊಟೆತ್ಸು ಕಂಡರೆ ನಕಲಿ ಅಂದ್ಕೋ’ ಅಂತ ಇಲ್ಲಿ ಮಾತೇ ಇದೆ! ಅದಕ್ಕೇ ನನಗೆ ಅನುಮಾನ.

ತುಕ್ಕು ಕಪ್ಪಗೆ, ನುಣುಪಾಗಿದೆ. ಆದರೆ ಅಕ್ಷರದ ಗೆರೆಗಳ ಒಳಗೆ ಮಾತ್ರ ಕೆಂಪು ಪುಡಿ ತುಕ್ಕು, ಅಂದ್ರೆ ಹೊಸ ತುಕ್ಕಿನ ಹಾಗಿದೆ. ಹಳೇ ಕತ್ತಿಗೆ ಆಮೇಲೆ ಯಾರೋ ಹೆಸರು ಕೆತ್ತಿರಬಹುದು ಅಲ್ವಾ? ‘ಕೊ’ ಅಕ್ಷರದ ಕೊನೆ ಗೆರೆಯನ್ನು ಆತ ಮೊದಲು ಮೇಲಕ್ಕೆ ಚಿಮ್ಮಿಸುತ್ತಿದ್ದ, 1664ರ ಸುಮಾರಿನಿಂದ ಆ ಅಕ್ಷರವನ್ನೇ ಪೆಟ್ಟಿಗೆಯಂತೆ ಕೆತ್ತುತ್ತಿದ್ದ. ಇದರಲ್ಲಿ ಎರಡೂ ಬೆರೆತಂತಿದೆ.

ಕತ್ತಿಗೆ ಸರ್ಕಾರಿ ನೋಂದಣಿ ಚೀಟಿ ಇದೆ. ಅಜ್ಜ ಅದನ್ನೇ ಸಾಕ್ಷಿ ಅಂತಾರೆ. ಆದರೆ ಅದರಲ್ಲಿ ಸಹಿ ಏನಿದೆ ಅಂತ ಬರೆದಿರುತ್ತಾರೆ ಅಷ್ಟೆ, ಅಸಲಿ ಅಂತಲ್ಲ.

ಇಲ್ಲೇ ಟೋಕಿಯೊದ ರ್ಯೋಗೊಕುವಿನಲ್ಲಿರುವ ಕತ್ತಿ ಮ್ಯೂಸಿಯಂ ನಡೆಸುವ ಸಂಸ್ಥೆಗೆ ಪರೀಕ್ಷೆಗೆ ಕೊಟ್ಟ ಅನುಭವ ಯಾರಿಗಾದರೂ ಇದೆಯಾ? ಕೊಡುವ ಮೊದಲು ಪಾಲಿಶ್ ಮಾಡಿಸಬೇಕಾ? ತುಕ್ಕು ಮಾತ್ರ ಉಜ್ಜಬೇಡಿ ಅಂತ ಅಜ್ಜನಿಗೆ ಕೈಮುಗಿದು ಹೇಳಿದ್ದೇನೆ. ಸಹಿಯ ಫೋಟೊ ಕಮೆಂಟಿನಲ್ಲಿ ಹಾಕ್ತೀನಿ.