ಬೊನೇರ್‌ನಲ್ಲಿ ತೆಗೆದ ಎರಡು ಫೋಟೋ, ಯಾವ ಜೀವಿಗಳು?

ಪ್ರಶ್ನೆ: ಹೋದ ವಾರ ಕೆರಿಬಿಯನ್ ದ್ವೀಪ ಬೊನೇರ್‌ನಲ್ಲಿ ಡೈವ್ ಮಾಡಿದ್ದೆ. ಮೊದಲ ಫೋಟೋದಲ್ಲಿ ಕಡುನೀಲಿ ಪುಟ್ಟ ಮೀನು, ಮೈತುಂಬಾ ಹೊಳೆಯುವ ನೀಲಿ ಚುಕ್ಕೆ, ಬಾಲ ಮಾತ್ರ ಪಾರದರ್ಶಕ. ಎರಡನೆಯದರಲ್ಲಿ ಬೀಸಣಿಗೆಯಂಥ ಹವಳದ ಮೇಲೆ ಕಿತ್ತಳೆ ಚುಕ್ಕೆಯ ಬಸವನಹುಳು. ಯಾರಿಗಾದರೂ ಗೊತ್ತಾ?

ಉತ್ತರ 1: ಮೊದಲನೆಯದು ಯೆಲ್ಲೋಟೇಲ್ ಡ್ಯಾಮ್ಸೆಲ್‌ಫಿಶ್ ಮರಿ. ದೊಡ್ಡದಾದ ಮೇಲೆ ಬಾಲ ಹಳದಿಯಾಗುತ್ತದೆ, ಚುಕ್ಕೆಗಳೂ ಕಡಿಮೆಯಾಗುತ್ತವೆ, ಅದಕ್ಕೇ ಎಷ್ಟೋ ಜನ ಬೇರೆ ಮೀನು ಅಂದುಕೊಳ್ಳುತ್ತಾರೆ. ಪಕ್ಕದಲ್ಲಿ ಫೈರ್ ಕೋರಲ್ (ಮುಟ್ಟಿದರೆ ಉರಿಯುವ, ಹವಳದಂಥ ಜೀವಿ) ಇತ್ತಾ? ಮರಿಗಳು ಅಲ್ಲೇ ಜಾಸ್ತಿ ಸಿಗುವುದು.

ಉತ್ತರ 2: ಎರಡನೆಯದು ಫ್ಲೆಮಿಂಗೋ ಟಂಗ್. ಆ ಚುಕ್ಕೆಗಳು ಚಿಪ್ಪಿನದಲ್ಲ, ಚಿಪ್ಪನ್ನು ಹೊದ್ದಿರುವ ಜೀವಂತ ಚರ್ಮದ್ದು. ಒಳಗಿನ ಚಿಪ್ಪು ಬರೀ ಕೆನೆಬಣ್ಣ. ಚೆಂದ ಅಂತ ಕಿತ್ತುಕೊಂಡರೆ ಬಣ್ಣವೇ ಉಳಿಯುವುದಿಲ್ಲ, ದಯವಿಟ್ಟು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಹೌದು, ಫೈರ್ ಕೋರಲ್ ಪಕ್ಕದಲ್ಲೇ ಇತ್ತು! ತುಂಬಾ ಥ್ಯಾಂಕ್ಸ್.