ಅಂಬಾಸಿಡರ್ ಮಾರ್ಕ್ ಟು: ಎಸ್‌ಯು ಕಾರ್ಬ್ಯುರೇಟರ್ ಟ್ಯೂನಿಂಗ್ ಮತ್ತು ಪಿಕಪ್ ತೊಂದರೆ

ಪ್ರಶ್ನೆ (ಮೈಸೂರಿನಿಂದ)

ನಮಸ್ಕಾರ. ನಮ್ಮ ತಂದೆಯವರು ಓಡಿಸುತ್ತಿದ್ದ 1972ರ ಅಂಬಾಸಿಡರ್ ಎಂಟು ವರ್ಷ ಷೆಡ್ಡಿನಲ್ಲೇ ನಿಂತಿತ್ತು. ಈ ವರ್ಷ ಅದನ್ನು ಮತ್ತೆ ರಸ್ತೆಗೆ ಇಳಿಸಿದ್ದೇನೆ. 1489 ಸಿಸಿ ಎಂಜಿನ್ ಮತ್ತು ಅದಕ್ಕೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಎಸ್‌ಯು ತಯಾರಿಕೆಯ ಕಾರ್ಬ್ಯುರೇಟರ್ ಎರಡೂ ಮೊದಲಿನವೇ. ಐಡ್ಲಿಂಗ್ ಚೆನ್ನಾಗಿಯೇ ಇದೆ. ಆದರೆ ಸಿಗ್ನಲ್ ಬಿಟ್ಟೊಡನೆ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ಉಸಿರುಕಟ್ಟಿದಂತೆ ಮುಗ್ಗರಿಸಿ, ಆಮೇಲೆ ಎಳೆಯುತ್ತದೆ. ಮೆಕ್ಯಾನಿಕ್ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ಕೊಳವೆ) ನಟ್ಟನ್ನು ಕೆಳಗಿಳಿಸಿ ಮಿಶ್ರಣವನ್ನು ರಿಚ್ (ಪೆಟ್ರೋಲ್ ಹೆಚ್ಚು) ಮಾಡಿಕೊಟ್ಟರು. ಅದರಿಂದ ಪ್ಲಗ್ಗುಗಳು ಮಸಿ ಹಿಡಿದವು, ಪೆಟ್ರೋಲ್ ಖರ್ಚು ಹೆಚ್ಚಿತು, ಮುಗ್ಗರಿಕೆ ಮಾತ್ರ ಹೋಗಲಿಲ್ಲ. ಬೇರೆ ಕಾರ್ಬ್ಯುರೇಟರ್ ಹಾಕಿಸಿ ಎನ್ನುವವರಿದ್ದಾರೆ, ಆದರೆ ತಂದೆಯವರ ಕಾಲದ್ದನ್ನು ತೆಗೆಯಲು ನನಗೆ ಮನಸ್ಸಿಲ್ಲ. ಎಲ್ಲಿಂದ ಆರಂಭಿಸಬೇಕು ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ (ಬೆಂಗಳೂರಿನಿಂದ)

ದಯವಿಟ್ಟು ಅದನ್ನು ಬದಲಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ತೊಂದರೆ ಜೆಟ್ಟಿನದಲ್ಲ, ಡ್ಯಾಂಪರ್ ಎಣ್ಣೆಯದು ಎಂದು ನನಗೆ ಅನ್ನಿಸುತ್ತದೆ. ಬೇರೆ ಹಲವು ಕಾರ್ಬ್ಯುರೇಟರುಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸಣ್ಣ ಪಂಪು ಹೆಚ್ಚುವರಿ ಪೆಟ್ರೋಲನ್ನು ಚಿಮ್ಮಿಸುತ್ತದೆ. ನಿಮ್ಮ ಎಸ್‌ಯುವಿನಲ್ಲಿ ಅಂಥ ಪಂಪಿಲ್ಲ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕವಾಟ) ತೆರೆದಾಗ ಮೇಲಿನ ಗುಮ್ಮಟದೊಳಗಿನ ಪಿಸ್ಟನ್ ಏರಿ ಗಾಳಿಗೆ ದಾರಿ ಬಿಡುತ್ತದೆ. ಆ ಪಿಸ್ಟನ್ನಿನ ನಡುಕೊಳವೆಯಲ್ಲಿರುವ ಎಣ್ಣೆ ಅದನ್ನು ಒಮ್ಮೆಲೇ ಏರಲು ಬಿಡದೆ ಕ್ಷಣಕಾಲ ತಡೆಹಿಡಿಯುತ್ತದೆ. ಆ ಕ್ಷಣದಲ್ಲಿ ಜೆಟ್ಟಿನ ಮೇಲೆ ಎಳೆತ ಹೆಚ್ಚಿ ಪೆಟ್ರೋಲು ಹೆಚ್ಚು ಬರುತ್ತದೆ. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಹಾರಿಬಿಡುತ್ತದೆ, ಗಾಳಿ ನುಗ್ಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಜೆಟ್ಟನ್ನು ಎಷ್ಟು ಇಳಿಸಿದರೂ ಇದಕ್ಕೆ ಪರಿಹಾರವಿಲ್ಲ.

ಮೇಲಿನ ಕಪ್ಪು ಮುಚ್ಚಳವನ್ನು ತಿರುಗಿಸಿ ತೆಗೆದು ನೋಡಿ. ಎಂಟು ವರ್ಷ ನಿಂತ ಗಾಡಿಯಲ್ಲಿ ಅಲ್ಲಿ ಎಣ್ಣೆ ಇರುವುದೇ ಅಪರೂಪ. ಎಸ್‌ಎಇ 20 (ದಪ್ಪದ ದರ್ಜೆ) ಎಣ್ಣೆಯನ್ನು ಪಿಸ್ಟನ್ ಕೊಳವೆಯ ಬಾಯಿಗಿಂತ ಸುಮಾರು ಅರ್ಧ ಅಂಗುಲ ಮೇಲಕ್ಕೆ ಬರುವಂತೆ ಹಾಕಿ. ಅದಕ್ಕೂ ಮೊದಲು ಗುಮ್ಮಟವನ್ನೂ ಪಿಸ್ಟನ್ನನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು ಒರೆಸಿ. ಉಪ್ಪುಕಾಗದ ಖಂಡಿತ ಬೇಡ, ಪಿಸ್ಟನ್ನಿನ ಕೆಳಗೆ ಜೆಟ್ಟಿನೊಳಕ್ಕೆ ಇಳಿಯುವ ನೀಡಲ್ (ಸೂಜಿ) ಬಾಗದಂತೆ ಎಚ್ಚರವಿರಲಿ. ಮತ್ತೆ ಜೋಡಿಸಿದ ಮೇಲೆ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಟಕ್ ಎಂಬ ಸದ್ದಿನೊಂದಿಗೆ ಕೂರಬೇಕು. ಸದ್ದು ಬರದಿದ್ದರೆ ಜೆಟ್ ನಡುವಿನಲ್ಲಿಲ್ಲ ಎಂದರ್ಥ.

ಇಷ್ಟಾದ ಮೇಲೂ ಜೆಟ್ಟಿಗೆ ಕೈ ಹಾಕಬೇಡಿ. ಟ್ಯಾಪೆಟ್ (ಕವಾಟಗಳ ಸಂದು), ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು (0.015 ಅಂಗುಲ), ಪ್ಲಗ್ ಸಂದು (0.025 ಅಂಗುಲ), ಕಿಡಿಯ ಟೈಮಿಂಗ್ ಸರಿಯಾದ ನಂತರವೇ ಕಾರ್ಬ್ಯುರೇಟರಿನ ಸರದಿ. ಪಾಯಿಂಟಿನ ದೋಷವನ್ನು ಕಾರ್ಬ್ಯುರೇಟರಿನ ತಲೆಗೆ ಕಟ್ಟುವುದು ನಮ್ಮಲ್ಲಿ ತೀರಾ ಸಾಮಾನ್ಯ. ಬಳಿಕ ಜೆಟ್ಟನ್ನು ಸೇತುವೆಯ (ಪಿಸ್ಟನ್ನಿನ ಕೆಳಗೆ ಜೆಟ್ ಬಾಯಿ ತೆರೆಯುವ ಸಮತಟ್ಟು ಭಾಗ) ಮಟ್ಟಕ್ಕೆ ಏರಿಸಿ, ಅಲ್ಲಿಂದ ನಟ್ಟನ್ನು ಎರಡು ಪೂರ್ತಿ ಸುತ್ತು ಇಳಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಪಿಸ್ಟನ್ನನ್ನು ಪಕ್ಕದ ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿದಾಗ ಎಂಜಿನ್ ವೇಗ ಹೆಚ್ಚಿ ಹಾಗೆಯೇ ಉಳಿದರೆ ಮಿಶ್ರಣ ರಿಚ್, ಎಂಜಿನ್ ನಿಲ್ಲುವಂತಾದರೆ ಲೀನ್ (ಪೆಟ್ರೋಲ್ ಕಡಿಮೆ), ಕೊಂಚ ಹೆಚ್ಚಿ ಮತ್ತೆ ಮೊದಲಿನಂತಾದರೆ ಸರಿ. ನಟ್ಟನ್ನು ಒಮ್ಮೆಗೆ ಅದರ ಆರು ಮುಖಗಳಲ್ಲಿ ಒಂದು ಮುಖದಷ್ಟು ಮಾತ್ರ ತಿರುಗಿಸಿ.

ಉತ್ತರ (ಮಂಗಳೂರಿನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಒಂದು ವಿಷಯ ಸೇರಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಭಾಗ ಸಾಕು. ಆದ್ದರಿಂದ ಹಳೆಯ ಅಳತೆಯಲ್ಲಿರುವ ಜೆಟ್ ಈಗ ಲೀನ್ ಆಗಿ ನಡೆಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ತೆಳು ಗಾಳಿ ಮಿಶ್ರಣವನ್ನು ತುಸು ರಿಚ್ ಮಾಡುವುದರಿಂದ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ನಮ್ಮ ಕಡೆ ಬಂದಾಗ ಅದು ಹೊರಬೀಳುತ್ತದೆ. ದೂರದ ಪ್ರಯಾಣಕ್ಕೆ ಹೊರಡುವವರು ನಟ್ಟನ್ನು ಒಂದು ಮುಖ ಇಳಿಸಿಕೊಂಡು, ಪ್ಲಗ್ಗಿನ ಬಣ್ಣ ಬಿಸ್ಕತ್ತಿನಂತಿದೆಯೇ ಎಂದು ನೋಡುವುದು ಒಳ್ಳೆಯದು. ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿಬಿಡಿ. ಎಥನಾಲ್ ಅವನ್ನು ಮೆತ್ತಗಾಗಿಸಿ ಬಿರಿಸುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರುವುದು ಬೆಂಕಿಗೆ ಆಹ್ವಾನ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮುಚ್ಚಳ ತೆಗೆದು ನೋಡಿದರೆ ಕೊಳವೆ ಪೂರ್ತಿ ಒಣಗಿತ್ತು. ಎಣ್ಣೆ ಹಾಕಿದೊಡನೆ ಮುಗ್ಗರಿಕೆ ನಿಂತಿತು. ಪಾಯಿಂಟ್ ಸರಿಪಡಿಸಿ, ಹೇಳಿದ ಕ್ರಮದಲ್ಲಿಯೇ ಜೆಟ್ ಹೊಂದಿಸಿದೆ. ಈಗ ಉಳಿದಿರುವುದು ಒಂದೇ: ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಏರಿಳಿಯುತ್ತದೆ.

ಉತ್ತರ (ಬೆಂಗಳೂರಿನಿಂದ)

ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ಕೂತಿರುವ ದಂಡ) ಸವೆದಿರಬಹುದು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಸ್ಪಿಂಡಲ್ಲಿನ ಎರಡೂ ತುದಿಗಳಿಗೆ ದಪ್ಪ ಗ್ರೀಸ್ ಮೆತ್ತಿ ನೋಡಿ. ಏರಿಳಿತ ನಿಂತರೆ ಗಾಳಿ ಅಲ್ಲಿಂದಲೇ ಒಳಬರುತ್ತಿದೆ ಎಂದರ್ಥ. ಆಗ ಲೇತ್ ಕೆಲಸ ಬಲ್ಲವರಿಂದ ಬುಷ್ ಹಾಕಿಸಿ ಹೊಸ ಸ್ಪಿಂಡಲ್ ಕೂರಿಸಬೇಕು. ನಿಲ್ಲದಿದ್ದರೆ ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ಗ್ಯಾಸ್ಕೆಟ್ ನೋಡಿ.